ದುರ್ಗಮ್ಮನ ಹುರುಳಿ ಗಂಟು

ದುರ್ಗಮ್ಮನಿಗೆ ಚಳಿಯೆಂದರೆ ಭಯವಿರಲಿಲ್ಲ, ಸಿಟ್ಟಿತ್ತು. ಶಿವಮೊಗ್ಗದ ಚಳಿ ಹೇಳಿಕೊಳ್ಳುವಂಥ ಚಳಿಯೇನಲ್ಲ. ಒಂದು ಸ್ವೆಟರು, ಒಂದು ಮಫ್ಲರು ಸಾಕು, ಹೊತ್ತೇರಿದರೆ ಬಿಸಿಲು ಬಂದು ಎಲ್ಲರನ್ನೂ ಸಮಾಧಾನ ಮಾಡುತ್ತದೆ. ಆದರೆ ಅವಳ ಬೆರಳುಗಳ ಲೆಕ್ಕವೇ ಬೇರೆ. ಸರ್ಕಾರಿ ಕಚೇರಿಯೊಂದರಲ್ಲಿ ಡಿ ಗ್ರೂಪ್ ನೌಕರಳಾಗಿ ವರ್ಷಗಟ್ಟಲೆ ಬೆಳಗಿನ ತಣ್ಣೀರಲ್ಲಿ ನೆಲ ಒರೆಸಿದ ಕೈ ಅದು. ಸ್ವಲ್ಪ ಥಂಡಿ ಸೋಕಿದರೂ ಬೆರಳ ತುದಿಗಳು ಬೆಳ್ಳಗಾಗಿ, ಚಿವುಟಿದರೂ ತಿಳಿಯದಷ್ಟು ಮರಗಟ್ಟುತ್ತಿದ್ದವು. ನೆಲ ಒರೆಸುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಟೈಪ್ ಮಾಡುವುದಕ್ಕೆ ಅಡ್ಡಿಯುಂಟು.

ಹೌದು, ಟೈಪಿಂಗು. ಮಗಳ ಮದುವೆಯಾಗಿ ಮನೆಯಲ್ಲಿ ತಾನು, ಗಂಡ ಹುಲಿಯಪ್ಪ ಇಬ್ಬರೇ ಉಳಿದ ಮೇಲೆ ಅವಳಿಗೆ ಈ ಹುಚ್ಚು ಹಿಡಿಯಿತು. ಎಸ್ಸೆಸ್ಸೆಲ್ಸಿ ಪಾಸಾದವಳು, ಕನ್ನಡ ಟೈಪಿಂಗ್ ಪರೀಕ್ಷೆಯೊಂದು ದಾಟಿದರೆ ಟೈಪಿಸ್ಟ್ ಆಗಿ ಬಡ್ತಿ ಸಿಗುವುದಿತ್ತು. ಕಚೇರಿಯಲ್ಲಿ ನಕ್ಕವರೇ ಹೆಚ್ಚು. ಹೆಡ್ ಕ್ಲರ್ಕ್ ಜಯಪ್ಪ ಅಂತೂ, "ಈ ವಯಸ್ಸಲ್ಲಿ ನಿಂಗ್ಯಾಕೆ ಮಾರಾಯ್ತಿ ಇದೆಲ್ಲ?" ಎಂದು ಎಲ್ಲರೆದುರೇ ಕೇಳಿಬಿಟ್ಟರು.

"ಕುರ್ಚಿ ಒರೆಸಿ ಒರೆಸಿ ಸಾಕಾಗಿದೆ ಸಾರ್. ಒಂದ್ಸಲ ಕೂತು ನೋಡ್ಬೇಕು" ಎಂದಳು ದುರ್ಗಮ್ಮ.

ಕಚೇರಿ ಬಿಟ್ಟ ಮೇಲೆ ನೇರ ವಿನೋಬನಗರಕ್ಕೆ, ಏಕಾಂತಪ್ಪ ಮೇಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದಳು. ಸಂಜೆ ಅವಳ ಕೈ ನೋಡಿದವರು ಬೆರಗಾಗಬೇಕು, ಅಷ್ಟು ಚುರುಕು. ಆದರೆ ಪರೀಕ್ಷೆ ಬರುವುದು ಜನವರಿಯ ಬೆಳಗ್ಗೆ. ಎರಡು ಸಲ ಕೂತಳು, ಎರಡು ಸಲವೂ ಬೆರಳು ಕೈಕೊಟ್ಟವು. ಬೇಸಗೆಯಲ್ಲೂ ಒಂದು ಪರೀಕ್ಷೆಯಿದೆ, ಅದಕ್ಕೆ ಕೂರು ಎಂದರು ಮೇಷ್ಟ್ರು. ಆದರೆ ಈ ಸಲ ಬಡ್ತಿ ಪಟ್ಟಿ ಬೇಸಗೆಗೆ ಮೊದಲೇ ತಯಾರಾಗುವುದಿತ್ತು. ತಪ್ಪಿದರೆ ಮುಂದಿನ ಪಟ್ಟಿ ಯಾವ ಕಾಲಕ್ಕೋ ಯಾರಿಗೆ ಗೊತ್ತು. ಮೂರನೆಯ ಜನವರಿಗೂ ಅವಳು ಹೆಸರು ಕೊಟ್ಟಳು.

ಈ ಸಲ ತಯಾರಿ ಜೋರಾಗಿತ್ತು. ಹುರುಳಿಕಾಳನ್ನು ಬಾಣಲೆಯಲ್ಲಿ ಬಿಸಿಯಾಗುವಂತೆ ಹುರಿದು, ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಟ್‌ಬಾಕ್ಸಿನೊಳಗಿಟ್ಟರೆ ತಾಸುಗಟ್ಟಲೆ ಬಿಸಿ ಆರುವುದಿಲ್ಲ. ಮಂಡಿನೋವಿಗೆ ಅವಳ ಅತ್ತೆ ಮಾಡುತ್ತಿದ್ದ ಶಾಖವೇ ಇದು. ಪರೀಕ್ಷೆ ಶುರುವಾಗುವ ತನಕ ಗಂಟನ್ನು ಎರಡೂ ಕೈಯಲ್ಲಿ ಹಿಡಿದಿದ್ದು, ಕೈ ಬೆಚ್ಚಗಿರುವಾಗಲೇ ಹೊಡೆದು ಮುಗಿಸುವುದೆಂದು ಲೆಕ್ಕ ಹಾಕಿದ್ದಳು.

ಬೇರೆ ಪರೀಕ್ಷೆಗೆ ಪೆನ್ನು ಒಯ್ಯುತ್ತಾರೆ. ಈ ಪರೀಕ್ಷೆಗೆ ಮಷಿನ್ನನ್ನೇ ಒಯ್ಯಬೇಕು. ಹಿಂದಿನ ದಿನವೇ ಇನ್‌ಸ್ಟಿಟ್ಯೂಟಿನಲ್ಲಿ ಎಲ್ಲರೂ ತಮ್ಮ ತಮ್ಮ ಪಾಲಿನ ಟೈಪ್‌ರೈಟರ್ ಒರೆಸಿ ಎಣ್ಣೆ ಬಿಡುವುದು ರೂಢಿ. ಅವಳ ಸರದಿ ಬರುವಷ್ಟರಲ್ಲಿ ಮೇಷ್ಟ್ರ ಮಷಿನ್ ಎಣ್ಣೆಯ ಡಬ್ಬಿ ಬರಿದಾಗಿತ್ತು. ದುರ್ಗಮ್ಮ ಚೀಲದಿಂದ ತನ್ನ ಕೊಬ್ಬರಿ ಎಣ್ಣೆಯ ಸೀಸೆ ತೆಗೆದಳು. ತಲೆಗೆ, ಒಡೆದ ಹಿಮ್ಮಡಿಗೆ ಆಗುವ ಎಣ್ಣೆ ಕಬ್ಬಿಣಕ್ಕೆ ಆಗದೇ ಇರುತ್ತದೆಯೆ? ಅಕ್ಷರದ ಕಡ್ಡಿಗಳ ಬುಡಕ್ಕೆಲ್ಲ ಧಾರಾಳವಾಗಿ ಬಿಟ್ಟಳು. ಸಂಜೆಯ ಇಳಿಬಿಸಿಲ ಕಾವಿಗೆ ಮಷಿನ್ನು ಬೆಣ್ಣೆಯಂತೆ ಓಡಿತು.

ಬೆಳಗ್ಗೆ ಮಷಿನ್ನುಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಭದ್ರಾವತಿಯ ಪರೀಕ್ಷಾ ಕೇಂದ್ರಕ್ಕೆ ಹೊರಟರು. ಉಳಿದವರು ಬಸ್ಸಿಗೆ ಹೋದರೆ ಇವಳು ಆಟೋ ಹಿಂದೆ ಮಷಿನ್ನು ಹಿಡಿದು ಕೂತಳು. ಬೇರೆಯವರ ಕೈಗೆ ಕೊಡುವ ಜಾಯಮಾನ ಅವಳದ್ದಲ್ಲ. ಮಲವಗೊಪ್ಪ ದಾಟುವಷ್ಟರಲ್ಲಿ ಗಾಳಿ ಹೊಡೆದು ಬೆರಳು ಕೊರಡಾದವು. ಇರಲಿ, ಹಾಟ್‌ಬಾಕ್ಸ್ ಇದೆಯಲ್ಲ ಎಂದು ಧೈರ್ಯವಾಗಿದ್ದಳು.

ಪರೀಕ್ಷೆಯ ಕೋಣೆಯಲ್ಲಿ ಮಷಿನ್ನು ಇಟ್ಟು, ಪರೀಕ್ಷಿಸಲು ಒಂದು ಅಕ್ಷರ ಒತ್ತಿದಳು. ಕಡ್ಡಿ ಮೇಲೆದ್ದು ಕಾಗದಕ್ಕೆ ಬಡಿದು, ಅಲ್ಲೇ ನಿಂತಿತು. ಇನ್ನೊಂದು ಒತ್ತಿದಳು. ಅದೂ ಹೋಗಿ ಮೊದಲನೆಯದರ ಪಕ್ಕ ನಿಂತಿತು. ಬಗ್ಗಿ ನೋಡಿದರೆ ಕಡ್ಡಿಗಳ ಬುಡದಲ್ಲೆಲ್ಲ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿದೆ. ಚಳಿಗಾಲದಲ್ಲಿ ಸೀಸೆಯ ಎಣ್ಣೆ ಗಟ್ಟಿಯಾಗುವುದನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ ನಿನ್ನೆ ಅದು ಹೊಳೆಯಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಏಕಾಂತಪ್ಪ ಮೇಷ್ಟ್ರು ತಲೆ ಹಿಡಿದುಕೊಂಡು, "ಏನಮ್ಮ ಇದು, ಮಷಿನ್ನಿಗೆ ಎಣ್ಣೆಸ್ನಾನ ಮಾಡ್ಸಿದ್ದೀಯ?" ಎಂದರು. ಬದಲಿಗೆ ಕೊಡಲು ಅವರ ಬಳಿ ಬೇರೆ ಮಷಿನ್ನಿರಲಿಲ್ಲ.

ಮೇಲ್ವಿಚಾರಕಿ ಸುಶ್ಮಿತಾ ಬಂದಳು. ಸಣ್ಣ ಪ್ರಾಯದ ಹುಡುಗಿ, ಮೃದು ಮಾತು. ಕಡ್ಡಿಗಳನ್ನು ನೋಡಿದಳು, ದುರ್ಗಮ್ಮನ ಬೆಳ್ಳಗಾದ ಬೆರಳುಗಳನ್ನೂ ನೋಡಿದಳು. "ಅಮ್ಮಾ, ಮಧ್ಯಾಹ್ನದ ಬ್ಯಾಚಿಗೆ ಹಾಕ್ಕೊಡ್ತೀನಿ. ಬಿಸಿಲು ಬಂದ್ರೆ ಎಣ್ಣೇನೂ ಕರಗುತ್ತೆ, ನಿಮ್ಮ ಕೈಯೂ ಸರಿಹೋಗುತ್ತೆ" ಎಂದಳು.

ಬುದ್ಧಿವಂತರು ಯಾರೇ ಆಗಲಿ ಒಪ್ಪುವ ಮಾತು. ಮೇಷ್ಟ್ರು ಆಗಲೇ ತಲೆಯಾಡಿಸುತ್ತಿದ್ದರು. ದುರ್ಗಮ್ಮನಿಗೂ ಒಂದು ಗಳಿಗೆ ಆಸೆಯಾಯಿತು. ಆದರೆ ಎರಡು ಜನವರಿ ತನ್ನನ್ನು ಬಗ್ಗಿಸಿ ಕಳಿಸಿದ ಚಳಿಯ ಕಣ್ಣು ತಪ್ಪಿಸಿ ಹಿಂಬಾಗಿಲಿಂದ ಒಳಗೆ ಹೋಗಬೇಕೆ ಎಂದುಕೊಂಡಳು.

"ಬೇಡ ಮೇಡಂ" ಎಂದಳು. "ಮಧ್ಯಾಹ್ನ ಹೊಡೆದ್ರೆ ಬಿಸಿಲು ಪಾಸಾದಂಗೆ. ನಾನು ಪಾಸಾಗ್ಬೇಕು. ಆಫೀಸಲ್ಲಿ ಚಳಿ ಅಂತ ಕಾಗದ ಮಧ್ಯಾಹ್ನದ ತಂಕ ಕಾಯಲ್ಲ."

ಹಾಟ್‌ಬಾಕ್ಸ್ ತೆರೆದಳು. ಬಿಸಿ ಹುರುಳಿಯ ಘಮ ಎದ್ದಿತು. ಗಂಟು ಇದ್ದದ್ದು ಒಂದೇ. ಅದನ್ನು ತೆಗೆದು ಮಷಿನ್ನಿನ ಹೊಟ್ಟೆಯೊಳಗೆ, ಕಡ್ಡಿಗಳ ಮೇಲೆ ಇಟ್ಟು, ತನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಎಣ್ಣೆ ನಿಧಾನಕ್ಕೆ ಕರಗಿ ಮಿನುಗತೊಡಗಿತು. ಅದನ್ನು ಬಟ್ಟೆಯಿಂದ ಒತ್ತಿ ತೆಗೆಯುವಷ್ಟರಲ್ಲಿ ಸುಶ್ಮಿತಾ, "ಶುರು ಮಾಡಿ" ಎಂದಳು. ಗಂಟು ಆರಿತ್ತು, ಮಷಿನ್ನು ಸರಿಯಾಗಿತ್ತು, ಬೆರಳುಗಳು ಹಾಗೇ ಇದ್ದವು.

ಮೊದಲ ಸಾಲಿನಲ್ಲಿ ಅವಳಿಗೆ ಕೀಲಿ ಮುಟ್ಟಿದ್ದೇ ತಿಳಿಯಲಿಲ್ಲ. ಮರಗಟ್ಟಿದ ಬೆರಳನ್ನು ನಂಬದೆ ತೋಳನ್ನು ನಂಬಿದಳು. ಇಷ್ಟು ವರ್ಷ ಮುದ್ದೆ ತಿರುವಿದ ತೋಳು, ಬಿಂದಿಗೆ ಎತ್ತಿದ ತೋಳು. ಒಂದೊಂದು ಅಕ್ಷರವನ್ನೂ ಭುಜದಿಂದ ಹೊಡೆದಳು. ಮೇಜು ನಡುಗಿ ಪಕ್ಕದವರು ತಿರುಗಿ ನೋಡಿದರು, ನೋಡಲಿ. ಯಾವ ಕೀಲಿ ಎಲ್ಲಿದೆ ಎನ್ನುವುದು ಬೆರಳು ಮರೆತರೂ ಅವಳು ಮರೆತಿರಲಿಲ್ಲ. ಅರ್ಧ ಪುಟಕ್ಕೆ ಬರುವಷ್ಟರಲ್ಲಿ ಬೆರಳಿಗೆ ರಕ್ತ ಇಳಿಯಿತು, ಸೂಜಿ ಚುಚ್ಚಿದ ಹಾಗೆ ನೋವು ಕಿತ್ತುಕೊಂಡು ಬಂತು. ಕಣ್ಣಲ್ಲಿ ನೀರು ತುಂಬಿದರೂ ಅವಳಿಗೆ ಖುಷಿಯೇ ಆಯಿತು, ನೋವಾದರೆ ಬೆರಳು ಬದುಕಿದೆ ಎಂದರ್ಥ. ಆಮೇಲೆ ಅವಳು ಹೊಡೆದ ವೇಗ ಇನ್‌ಸ್ಟಿಟ್ಯೂಟಿನ ಸಂಜೆಗಳಿಗೂ ಗೊತ್ತಿರಲಿಲ್ಲ.

ದುರ್ಗಮ್ಮ ಪಾಸಾದಳು. ಫಸ್ಟ್ ಕ್ಲಾಸೇನೂ ಅಲ್ಲ. ಮೊದಲ ಸಾಲಿನ ತಪ್ಪುಗಳಿಗೆ ಅಂಕ ಹೋಗಿದ್ದವು. ಹುಲಿಯಪ್ಪ ಮಾತ್ರ ರಾಗಿಗುಡ್ಡದ ತಮ್ಮ ಓಣಿಗೆಲ್ಲ ಪೇಡ ಹಂಚಿ, ಕೇಳದವರಿಗೂ ಹೇಳಿ ಬಂದ.

ಬಡ್ತಿ ಬಂದ ದಿನ ಅವಳು ಇಸ್ತ್ರಿ ಸೀರೆ ಉಟ್ಟು, ತನಗೆ ಕೊಟ್ಟ ಕುರ್ಚಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಕಾಗದ ಕೈಗೆತ್ತಿಕೊಂಡು ಒಂದೆರಡು ಪದ ಹೊಡೆದಿರಬೇಕು, ಒಳಗಿನಿಂದ ಸಾಹೇಬರ ಕಾಲಿಂಗ್ ಬೆಲ್ ಆಯಿತು. ಬೆಲ್ ಆದೊಡನೆ ಓಡಿದ ಅಷ್ಟೂ ವರ್ಷಗಳ ಅಭ್ಯಾಸ, ಕಾಲುಗಳು ತಾವಾಗಿಯೇ ಎದ್ದವು. ಅರ್ಧ ಎದ್ದವಳು ಮೇಜು ಹಿಡಿದು ನಿಂತಳು. ಬೆಲ್ ಮತ್ತೊಮ್ಮೆ ಆಯಿತು. ಕಚೇರಿಯಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ದುರ್ಗಮ್ಮ ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು, ಬಿಟ್ಟ ಪದದಿಂದ ಮುಂದುವರಿಸಿದಳು.