ಕೊಟ್ರಬಸಪ್ಪನ ಬಲಗಣ್ಣು

ಬೆಳಿಗ್ಗೆ ಕಣ್ಣಿಗೆ ಔಷಧಿ ಹಾಕಿಕೊಂಡರೆ ಸ್ವಲ್ಪ ಹೊತ್ತಿಗೆ ಅದರ ಕಹಿ ಗಂಟಲಿಗೆ ಇಳಿಯುತ್ತದೆ. ಕಣ್ಣಿನಿಂದ ಗಂಟಲಿಗೆ ಒಳದಾರಿ ಇದೆ ಎಂಬುದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಎಸ್ಸೆಲ್ಸಿಗೆ ಓದು ನಿಲ್ಲಿಸಿದವನಿಗೆ ಇಂಥವು ತಡವಾಗಿಯೇ ತಿಳಿಯುತ್ತವೆ. ಒಂಬತ್ತು ವರ್ಷದಿಂದ ದಿನಕ್ಕೆರಡು ಸಲ ಈ ಕಹಿ ನುಂಗುತ್ತಿದ್ದೇನೆ. ನನ್ನ ಕಣ್ಣು ಉಳಿದಿರುವುದು ಅದರಿಂದ. ಕಂಪ್ಲಿಯ ಕೊಟ್ರಬಸಪ್ಪನ ಕಣ್ಣು ಉಳಿಯಲಿಲ್ಲ. ಯಾಕೆ ಉಳಿಯಲಿಲ್ಲ ಎಂದು ಹೇಳುವುದಕ್ಕೇ ಕೂತಿದ್ದೇನೆ. ಮುದುಕನ ಮಾತು, ಸ್ವಲ್ಪ ಸುತ್ತಿ ಬರುತ್ತದೆ, ಸಹಿಸಿಕೊಳ್ಳಿ.

ಹೊಸಪೇಟೆಯಲ್ಲಿ ನಮ್ಮದೊಂದು ಹಿರಿಯರ ಕ್ಯಾಮೆರಾ ಕೂಟ. ಹನ್ನೊಂದು ಜನ, ಎಲ್ಲರೂ ರಿಟೈರಾದವರು. ನಾನು ಕಾರ್ಖಾನೆಯ ಗೇಟಿನಲ್ಲಿ ಲಾರಿ ನಂಬರು ಬರೆಯುತ್ತಿದ್ದವನು. ಭಾನುವಾರ ಬೆಳಿಗ್ಗೆ ಹಂಪಿಗೋ ಸಂಡೂರಿನ ಗುಡ್ಡಕ್ಕೋ ಹೊರಡುತ್ತೇವೆ. ಸೂರ್ಯನ ಎದುರಿಗೆ ನಿಂತು ಕಂಬಗಳನ್ನು ಕಪ್ಪು ಆಕಾರವಾಗಿ ಹಿಡಿಯುವುದು, ಶಟರನ್ನು ನಿಧಾನ ಮಾಡಿ ಹೊಳೆಯ ನೀರನ್ನು ಹೊಗೆಯಂತೆ ತೋರಿಸುವುದು, ಎಲ್ಲ ಕಲಿತದ್ದು ಅಲ್ಲೇ. ನೆಲಮಟ್ಟದಿಂದ ತೆಗೆಯಬೇಕೆಂದು ಮಂಡಿನೋವಿನ ಮುದುಕರು ಬಂಡೆಯ ಮೇಲೆ ಮಲಗುತ್ತೇವೆ. ಆಮೇಲೆ ಒಬ್ಬರನ್ನೊಬ್ಬರು ಎಬ್ಬಿಸುವುದರಲ್ಲೇ ಬಿಸಿಲು ಏರಿರುತ್ತದೆ.

ತಿಂಗಳ ಕೊನೆಗೆ ಕೂಟದವರೇ ಆದ ಡ್ರಾಯಿಂಗ್ ಮೇಷ್ಟ್ರ ಮನೆಯ ಮಹಡಿಯಲ್ಲಿ ಸೇರುತ್ತೇವೆ. ತಲೆಗೊಂದು ಫೋಟೋ, ಹೆಸರಿಲ್ಲದೆ ಗೋಡೆಗೆ ಅಂಟಿಸುತ್ತೇವೆ. ಕೈ ಎತ್ತಿ ಒಂದನ್ನು ಆರಿಸಿ, ಅದನ್ನು ದೊಡ್ಡದು ಮಾಡಿಸಿ, ಕೆಳಗೆ ತೆಗೆದವರ ಹೆಸರು ಬರೆದು, ಮುಂದಿನ ತಿಂಗಳವರೆಗೆ ಅಲ್ಲೇ ತೂಗುಹಾಕುತ್ತೇವೆ. ಬಹುಮಾನ ಅಂದರೆ ಅಷ್ಟೇ. ನಗಬೇಡಿ. ನಲವತ್ತು ವರ್ಷ ಗೇಟಿನಲ್ಲಿ ಕೂತವನ ಹೆಸರು ಗೋಡೆಯ ಮೇಲೆ ಬರುವುದು ಸಣ್ಣ ಮಾತಲ್ಲ.

ಬರುತ್ತಿದ್ದದ್ದು ಮಾತ್ರ ಕೊಟ್ರಬಸಪ್ಪನ ಹೆಸರು. ಅವನು ನನ್ನ ಹೈಸ್ಕೂಲು ಗೆಳೆಯ, ಅಕ್ಕಿ ಗಿರಣಿಯ ಸಾಹುಕಾರನಾಗಿದ್ದವನು. ನನ್ನನ್ನು ಕೂಟಕ್ಕೆ ಕರೆತಂದವನೂ, ಕಲಿಸಿದವನೂ ಅವನೇ.

“ಲೇ, ಅವಸರ ಬ್ಯಾಡ. ಗುಂಡಿ ಒತ್ತೂ ಮೊದ್ಲ ನಾಲ್ಕೂ ಮೂಲಿಗೆ ಕಣ್ಣು ಹಾಯ್ಸು. ಮೂಲ್ಯಾಗ ಕಸ ಇರ್ತದ.”

“ಏನಪ, ಫೋಟೋ ತೆಗ್ಯಾದೋ, ಮನಿ ಗುಡ್ಸಾದೋ?”

“ಗುಡ್ಸಾಕ ಬರ್ದವ್ಗ ಫೋಟೋನೂ ಬರಂಗಿಲ್ಲ ಬಿಡು.”

ಮೊಬೈಲಿನಲ್ಲಿ ತೆಗೆಯುವವರನ್ನು ಕಂಡರೆ ಅವನಿಗೆ ನಗು. ಅವನದು ಹಳೆಯ ಕ್ಯಾಮೆರಾ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅದರ ಸಣ್ಣ ಕಿಂಡಿಗೆ ಒತ್ತಿ ಹಿಡಿದರೆ ಉಸಿರು ಸಹ ಬಿಡುತ್ತಿರಲಿಲ್ಲ.

ಅಂಥವನ ಫೋಟೋದ ಮೂಲೆಗಳಲ್ಲಿ ಕಸ ಕಾಣಿಸತೊಡಗಿತು. ಹಂಪಿಯ ಹೊಳೆದಂಡೆಯಲ್ಲಿ ತೆಗೆದ ಹರಿಗೋಲಿನ ಚಿತ್ರದ ಅಂಚಿಗೆ ಯಾರದೋ ತುಂಡು ಮೊಣಕೈ. ಮರುತಿಂಗಳು ವಡ್ಡು ಎಂಬ ಊರಿನಲ್ಲಿ ಜೋಳ ಹಸನು ಮಾಡುವ ಮುದುಕಿ, ಅಂಚಿನಲ್ಲಿ ಅರ್ಧ ಆಡು. ಅವನು ಫೋಟೋದ ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿದ.

“ಇದ್ಯಾವಾಗ ಬಂತಲೇ ಇಲ್ಲಿ?”

“ಸಾವ್ಕಾರ್ರು ಹೊಸಾ ಸ್ಟೈಲು ಹಿಡ್ದಾರ, ಬಿಡ್ರಿ” ಎಂದರು ಡ್ರಾಯಿಂಗ್ ಮೇಷ್ಟ್ರು. ಎಲ್ಲರೂ ನಕ್ಕರು.

ನಾನೂ ನಕ್ಕೆ. ಆದರೆ ನನಗೆ ಗೊತ್ತಾಗಿತ್ತು. ನನ್ನ ಕಣ್ಣಿನ ಡಾಕ್ಟರು ಒಮ್ಮೆ ನನ್ನ ರೋಗವನ್ನು ವಿವರಿಸಲು ಚೀಟಿಯ ಮೇಲೆ ಒಂದು ವೃತ್ತ ಬರೆದು, ಅಂಚಿನಿಂದ ಒಳಕ್ಕೆ ಪೆನ್ನಿನಿಂದ ಕಪ್ಪು ಮಾಡುತ್ತಾ ಬಂದು ತೋರಿಸಿದ್ದರು. ನೋವಿಲ್ಲ, ಉರಿಯಿಲ್ಲ, ಬದಿಯಿಂದ ಕತ್ತಲಾಗುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು. ಎರಡೂ ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ರೋಗಿಗೇ ತಿಳಿಯುವುದಿಲ್ಲ ಎಂದಿದ್ದರು. ಕೊಟ್ರಬಸಪ್ಪ ಮೆಟ್ಟಿಲು ಇಳಿಯುವಾಗ ಎಡವುತ್ತಿರಲಿಲ್ಲ, ಪೇಪರು ಓದುತ್ತಿದ್ದ. ಬಲಗಣ್ಣು ಒಂಟಿಯಾಗುತ್ತಿದ್ದದ್ದು ಕ್ಯಾಮೆರಾ ಕಿಂಡಿಯಲ್ಲಿ ಮಾತ್ರ. ಅವನ ಹೆಂಡತಿಗೂ ಕಾಣದ ರೋಗ ನಮ್ಮ ಗೋಡೆಯ ಮೇಲೆ ತಿಂಗಳು ತಿಂಗಳೂ ಕಾಣುತ್ತಿತ್ತು. ಅದನ್ನು ಓದಬಲ್ಲವನು ಹನ್ನೊಂದು ಜನರಲ್ಲಿ ನಾನೊಬ್ಬನೇ. ಔಷಧಿಯ ಬಾಟಲಿ ನನ್ನ ಅಂಗಿ ಜೇಬಿನಲ್ಲೇ ಇತ್ತು.

ಅರ್ಧ ಆಡಿನ ಆ ತಿಂಗಳು ನಾನು ಮೊದಲ ಸಲ ಗೆದ್ದೆ. ಸಂಡೂರಿನ ಕೆಂಪು ಮಣ್ಣಿನ ದಾರಿ, ಮಂಜು, ಒಂದು ಸೈಕಲ್ಲು. ಕೊಟ್ರಬಸಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ. ಇಳಿಯುವಾಗ ಮೆಟ್ಟಿಲಲ್ಲಿ ಕೇಳಿದ:

“ನಂದು ಯಾಕೋ ಕೆಡಾಕತ್ತೈತಲ್ಲ?”

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ?

“ಏನೂ ಕೆಟ್ಟಿಲ್ಲ. ಅರ್ಧಾ ಇದ್ರನ ಚಂದ. ಹಂಗ ತೆಗಿ” ಎಂದೆ.

“ಹಂಗಂತೀ?”

“ಹೂಂ.”

ಮುಂದಿನ ತಿಂಗಳು ಹೇಳೋಣ ಎಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಅಂದುಕೊಂಡೆ. ಹೀಗೆ ಎರಡು ವರ್ಷ. ಅಷ್ಟರಲ್ಲಿ ಏಳು ಸಲ ನನ್ನ ಫೋಟೋ ಆ ಗೋಡೆಯ ಮೇಲೆ ತೂಗಿತು.

ಕತ್ತಲು ಎಡಗಣ್ಣಿಗೂ ಬಂತು. ಕಂಪ್ಲಿ ಬಸ್‌ಸ್ಟ್ಯಾಂಡಿನಲ್ಲಿ ಬದಿಯಿಂದ ಬಂದ ಬೈಕು ಕಾಣದೆ ಬಿದ್ದ ಮೇಲೆ ಬಳ್ಳಾರಿಗೆ ಕರೆದುಕೊಂಡು ಹೋದರು. “ಎರಡು ವರ್ಷ ಮೊದಲು ಬಂದಿದ್ದರೆ” ಎಂದರಂತೆ ಡಾಕ್ಟರು. ಈಗ ಅವನಿಗೆ ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಅಷ್ಟೇ.

ಹೋದ ತಿಂಗಳು ಎಲ್ಲ ಹೇಳಿಬಿಡಬೇಕೆಂದು ಅವನ ಮನೆಗೆ ಹೋದೆ. ಬಾಗಿಲಲ್ಲಿ ಕೆಮ್ಮಿದ್ದಕ್ಕೇ ಗುರುತು ಹಿಡಿದ.

“ಬಾರಲೇ, ಕುಂದ್ರು. ನೀಲಮ್ಮ, ಚಾ ಇಡು.”

ಅವನ ಹೆಂಡತಿ ಒಳಗೆ ಹೋದಳು. ನಾನು ಕೂರಲಿಲ್ಲ. “ಕೊಟ್ರ, ನಿನ್ನ ಕಣ್ಣಿಂದು ನನಗ ಮೊದ್ಲ ಗೊತ್ತಿತ್ತು. ಫೋಟೋದಾಗ ಕಂಡಿತ್ತು” ಎಂದೆ.

ಒಳಗೆ ಪಾತ್ರೆಯ ಸದ್ದು ನಿಂತಿತು.

“ಯಾವ ಫೋಟೋ?” ಎಂದ ಅವನು.

“ಹರಿಗೋಲಿಂದು.”

“ಅದು ಭಾಳ ಹಳೇದಲ್ಲೋ.” ಗೋಡೆಗೆ ಒರಗಿದ. ಮತ್ತೆ ತಾನೇ ಹೇಳಿದ: “ಹೇಳಿದ್ರ ನಾನು ಹೆದರ್ತೀನಂತ ಸುಮ್ನಾಗಿರ್ತೀ. ನಿಂದು ಮೊದ್ಲಿಂದ್ಲೂ ಅಂಜುಬುರುಕ ಸ್ವಭಾವ. ಹೌದಿಲ್ಲೋ?”

ನಾನು “ಹೌದು” ಎಂದೆ.

“ಹೋಗ್ಲಿ ಬಿಡು. ಊಟ ಮಾಡ್ಕೊಂಡು ಹೋಗು.”

ಊಟ ಮಾಡಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ. ನೀಲಮ್ಮ “ಇನ್ನೊಂದು ಹಾಕ್ಲೇನಣ್ಣ?” ಎಂದಳು. “ಹಾಕು, ಅವ ನಾಚ್ತಾನ” ಎಂದ ಅವನು, ನನ್ನ ತಟ್ಟೆ ಇಲ್ಲದ ಕಡೆ ಮುಖ ಮಾಡಿ. ಎರಡು ರೊಟ್ಟಿ ತಿಂದೆ. ಅಂಜಿಕೆ ಎಂಬ ಸುಳ್ಳನ್ನು ಅವನೇ ಕರುಣೆಯಿಂದ ಕೊಟ್ಟಿದ್ದ. ನಾನು ಅದನ್ನು ಇಸಕೊಂಡು ಬಸ್ಸು ಹತ್ತಿದೆ.

ಅಂಜಿ ಸುಮ್ಮನಿದ್ದವನಲ್ಲ ನಾನು. ಅವನ ಕಣ್ಣು ಸರಿಹೋದರೆ ಮತ್ತೆ ಅವನೇ ಗೆಲ್ಲುತ್ತಾನೆ ಎಂದು ಸುಮ್ಮನಿದ್ದವನು. ಈ ಒಂದು ಸಾಲು ಬರೆಯಲು ಬೆಳಿಗ್ಗೆಯಿಂದ ಸುತ್ತಿದ್ದೇನೆ ಎಂದು ನಿಮಗೆ ಆಗಲೇ ಅನ್ನಿಸಿರಬಹುದು.

ಈ ಭಾನುವಾರ ಕೂಟದವರು ಹಂಪಿಗೆ ಹೋಗುತ್ತಾರೆ. ನಾನು ಕಂಪ್ಲಿಗೆ ಹೋಗುತ್ತೇನೆ. ಈ ಹಾಳೆಗಳನ್ನು ಅವನು ಓದಲಾರ. ನೀಲಮ್ಮನ ಕೈಗೆ ಕೊಟ್ಟು ಬಂದುಬಿಡಬಹುದು ಎಂಬ ಉಪಾಯವೂ ಹೊಳೆಯದೆ ಇರಲಿಲ್ಲ. ಇಲ್ಲ, ಅವನೆದುರು ಕೂತು ನಾನೇ ಓದಬೇಕು. ಆ ಸಾಲನ್ನೂ ಬಿಡದೆ ಓದಬೇಕು. ಅವಳು ಊಟಕ್ಕೆ ಏಳಿ ಅನ್ನುವ ಮೊದಲೇ ಓದಿ ಮುಗಿಸಬೇಕು.