ಇಳಕಲ್ಲಿನ ಹಸಿರು ಸೀರೆ

ಇಳಕಲ್ಲಿಗೆ ಹೋದ ಆ ದಿನ ಬಸ್ಸಿನಲ್ಲಿ ನಾನೂ ಇದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟು ಬೆರಳಿಗೆ ಅಂಟಿದ್ದು, ಒರೆಸಿಕೊಳ್ಳಲು ಅಪ್ಪ ತನ್ನ ಧೋತರದ ಚುಂಗು ಮುಂದೆ ಮಾಡಿದ್ದು ನನಗೆ ನೆನಪಿದೆ. ಆದರೆ ಅವ್ವ ಕೊನೆಯವರೆಗೂ ಬೇರೆಯೇ ಹೇಳುತ್ತಿದ್ದಳು: ಆ ದಿನ ನಾನು ಮನೆಯಲ್ಲೇ ಹೊರಸಿನ ಮೇಲೆ ಬಿದ್ದುಕೊಂಡು ಪುಸ್ತಕ ಓದುತ್ತಿದ್ದೆನಂತೆ, ಮೇಲಿಂದ ಮೇಲೆ ಚಹಾ ಕೇಳಿ ಅವಳ ಜೀವ ತಿಂದೆನಂತೆ. ಕರದಂಟು ಬೇರೆ ಯಾವುದೋ ಪ್ರಯಾಣದ್ದಿರಬಹುದು. ಧಾರವಾಡದಲ್ಲಿ ಎಂ.ಎ. ಓದುವಾಗ, ಆಧಾರವಿಲ್ಲದ್ದನ್ನು ನಂಬಬಾರದು ಎಂದು ಕಲಿತು ಬಂದು ಮನೆಯವರಿಗೆಲ್ಲ ಕಾಟ ಕೊಟ್ಟವನು ನಾನು. ನನ್ನ ನೆನಪಿಗೇ ಆಧಾರ ಕೇಳಬೇಕಾದೀತೆಂದು ಆಗ ಅಂದುಕೊಂಡಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ಮೋಜಣಿದಾರನಾಗಿದ್ದ. ಹುನಗುಂದ, ಬಾಗಲಕೋಟೆ, ಬಾದಾಮಿ ತಾಲೂಕುಗಳ ಹೊಲಗಳನ್ನು ಸರಪಳಿ ಹಿಡಿದು ಅಳೆದು, ನಿವೃತ್ತನಾದ ಮೇಲೆ ಬಾದಾಮಿಯ ಊರಾಚೆ ಒಂದು ಮನೆ ಹಿಡಿದಿದ್ದ. ಪೆನ್ಶನ್ ಪಡೆಯುವ ನೌಕರರೇ ಸೇರಿ ಕಟ್ಟಿಕೊಂಡ ಸಾಲುಮನೆಗಳು ಅವು. ಫಲಕದ ಮೇಲೆ ಏನೋ ದೊಡ್ಡ ಹೆಸರು ಬರೆಸಿದ್ದರು. ಟಾಂಗಾದವರ ಬಾಯಲ್ಲಿ ಮಾತ್ರ ಅದು ಪೆನ್ಶನ್ ಲೈನು.

ಲೈನಿನ ಗಂಡಸರಿಗೆ ಇದ್ದದ್ದು ಒಂದೇ ಕೆಲಸ, ಇಸ್ಪೀಟು. ಬೆಳಗಿನ ಉಪ್ಪಿಟ್ಟು ಹೊಟ್ಟೆಗೆ ಬಿದ್ದದ್ದೇ ಬೇವಿನ ಮರದ ಕಟ್ಟೆಯ ಮೇಲೆ ಹೋಗಿ ಕೂತರೆ, ಊಟಕ್ಕೆ ಎದ್ದು, ನಿದ್ದೆ ಮುಗಿಸಿ ಮತ್ತೆ ಬಂದು, ಎಲೆ ಕಾಣದಷ್ಟು ಕತ್ತಲಾಗುವವರೆಗೆ ಅಲ್ಲೇ. ಯಾರ ಎದುರು ಯಾರು, ಯಾರ ಜಾಗ ಯಾವುದು ಎಲ್ಲ ಕಾಯಮ್ಮಾಗಿತ್ತು. ಬಂದ ಅತಿಥಿ ಎಷ್ಟೇ ಆಸೆಯಿಂದ ನಿಂತು ನೋಡಿದರೂ ಕೈ ತುಂಬಿವೆ ಎಂದು ಹೇಳಿ ನಕ್ಕುಬಿಡುತ್ತಿದ್ದರು. ಬಂದ ಹೆಂಗಸರಿಗೆ ಶಾವಿಗೆ ಹೊಸೆಯುವುದೋ ಕೌದಿಗೆ ನಾಲ್ಕು ಹೊಲಿಗೆ ಹಾಕುವುದೋ ಸಿಗುತ್ತಿತ್ತು. ಅಳಿಯಂದಿರು, ಬೀಗರು, ಸೊಲ್ಲಾಪುರದಿಂದಲೋ ಗದಗಿನಿಂದಲೋ ಬಂದ ಷಡ್ಡಕರು ಮಾತ್ರ ಗುಡ್ಡ ನೋಡುತ್ತ ಆಕಳಿಸುತ್ತ ಕೂಡಬೇಕು.

ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟುವುದಿಲ್ಲವೆಂದು ನಮ್ಮಜ್ಜ ಮಠದ ಅಯ್ಯನವರ ಮುಂದೆ ಮಾತು ಕೊಟ್ಟಿದ್ದನಂತೆ. ಹೀಗಾಗಿ ಇಡೀ ಲೈನಿನಲ್ಲಿ ಹಗಲು ಬಿಡುವಿದ್ದ ಗಂಡಸೆಂದರೆ ಅಪ್ಪ ಒಬ್ಬನೇ. ಬಂದವರನ್ನು ತಿರುಗಾಡಿಸುವ ಕೆಲಸ ಅವನ ಪಾಲಿಗೆ ಬಂತು. ಅದನ್ನು ಅವನು ಸರಕಾರಿ ನೌಕರಿಯ ಹಾಗೆಯೇ ಮಾಡಿದ. ಬಿಸಿಲೇರುವ ಮೊದಲು ಮೇಣಬಸದಿಯ ಗುಹೆಗಳು, ಅಲ್ಲಿಂದ ಇಳಿದು ಹೊಂಡದ ಮೆಟ್ಟಿಲ ಮೇಲೆ ಕೂತು ಬುತ್ತಿ. ಶನಿವಾರ ತುಳಸಿಗೇರಿಯ ಹಣಮಂತ. ಇಡೀ ದಿನ ಬಿಡುವಿದ್ದವರಿಗೆ ಕೂಡಲಸಂಗಮ. ಮನೆಯಲ್ಲಿ ಮದುವೆ, ಕುಬಸ ಇದ್ದವರಿಗೆ ಇಳಕಲ್ಲು. ಬಿಳಿ ಟೊಪ್ಪಿಗೆ ಹಾಕಿಕೊಂಡು, ಕೊಡೆಯನ್ನು ಮೇಲಕ್ಕೆತ್ತಿ ಹಿಡಿದು ಮುಂದೆ ಮುಂದೆ ನಡೆಯುವನು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಗಿಂತ ಜೋರಾಗಿ, ಪೆನ್ಶನ್ ಲೈನಿನವರು ಇಳಿಯಿರಿ ಎಂದು ಕೂಗುವನು.

ರಜೆಯಲ್ಲಿ ಬಂದಾಗ ಇದನ್ನು ನೋಡಿ ನನಗೆ ತಲೆ ತಗ್ಗಿಸುವಂತಾಗುತ್ತಿತ್ತು. ಒಮ್ಮೆ ಬಾಗಲಕೋಟೆಯ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಓದಿದವನೊಬ್ಬ ಆ ಕೊಡೆಯನ್ನು, ಅದರ ಹಿಂದೆ ನಡೆದ ಮಂದಿಯನ್ನು ನೋಡಿ, ನಿಮ್ಮಪ್ಪ ಗೈಡ್ ಆಗ್ಯಾರೇನು ಎಂದು ಕೇಳಿದ. ಅವನು ಚೇಷ್ಟೆಗೆ ಕೇಳಿರಲಿಲ್ಲ. ಅದಕ್ಕೇ ನನ್ನ ಕಿವಿ ಇನ್ನಷ್ಟು ಬಿಸಿಯಾದವು.

ಒಂದು ಬೆಳಿಗ್ಗೆ ನಾನೂ ಅವರ ಹಿಂದೆ ಬಸದಿಗೆ ಹೋದೆ. ಇದು ಖಂಡಿತ ನೆನಪಿದೆ. ಮೊದಲನೆಯ ಗುಹೆಯ ಬಲಕ್ಕೆ ಕುಣಿಯುವ ಶಿವನಿದ್ದಾನೆ. ಬಂದವರಿಂದ ಆ ಶಿವನ ಕೈಗಳ ಎಣಿಕೆ ಮಾಡಿಸುವುದು ಅಪ್ಪನ ರೂಢಿ. ಕೊಡೆಯ ತುದಿಯಿಂದ ತೋರಿಸುತ್ತ, ಎಣಿಸಿರಿ, ಹದಿನೆಂಟಾಗದಿದ್ದರೆ ಕೇಳಿರಿ ಎಂದ. ಆದರೆ ಕೊಡೆ ತೋರಿಸುತ್ತಿದ್ದದ್ದು ಶಿವನಿಂದ ಒಂದು ಮಾರು ಆಚೆಯ ಬರಿ ಬಂಡೆಯನ್ನು. ಬಂದಿದ್ದ ಬೀಗರಲ್ಲಿ ಒಬ್ಬರೂ ಬಂಡೆಯ ಕಡೆ ನೋಡಲಿಲ್ಲ. ಎಲ್ಲರೂ ಶಿವನನ್ನೇ ನೋಡಿ, ಕೈ ಎಣಿಸಿ, ಹೌದ್ರಿ ಹದಿನೆಂಟೇ ಎಂದರು. ಇಳಿಯುವಾಗ ಒಬ್ಬರು ಮಾತಾಡುತ್ತ ಅವನ ಎಡಗಡೆಗೆ ಬಂದರು, ಇನ್ನೊಬ್ಬರು ಎರಡು ಮೆಟ್ಟಿಲು ಕೆಳಗಿದ್ದುಕೊಂಡರು. ಮಂಗವೊಂದು ಅವನ ಕೈಚೀಲಕ್ಕೆ ಹಾರುವ ಮೊದಲೇ ಮೂರನೆಯವರು ಅದನ್ನು ಗದರಿಸಿ ಓಡಿಸಿದರು. ಮಂಗ ಬಂದದ್ದು ಅಪ್ಪನಿಗೆ ಗೊತ್ತೇ ಆಗಲಿಲ್ಲ.

ನಾನು ಹಿಂದಿರುಗಿದವನೇ ಕಟ್ಟೆಯ ಹತ್ತಿರ ಹೋದೆ. ಪಕ್ಕದ ಮನೆಯ ಪೋಸ್ಟ್ ಮಾಸ್ತರರು ಕೈಯಲ್ಲಿ ಎಲೆ ಬೀಸಣಿಗೆ ಮಾಡಿ ಹಿಡಿದು ಕೂತಿದ್ದರು. ಲೈನಿನಲ್ಲಿ ಅವರ ನಾಲಿಗೆಗೆ ಅಂಜದವರಿರಲಿಲ್ಲ. ಅಪ್ಪನ ಕಣ್ಣಿನ ಬಗ್ಗೆ ನಾನು ಸುತ್ತು ಬಳಸಿ ಕೇಳಿದ್ದಕ್ಕೆ ಅವರು ಎಲೆಗಳಿಂದ ಕಣ್ಣೆತ್ತದೆ ಹೇಳಿದರು.

“ತಮ್ಮಾ, ನಿಮ್ಮಪ್ಪ ಬೀಗರನ್ನ ತಿರಗ್ಯಾಡಸ್ತಾನಂತ ತಿಳದೀಯೇನು? ನಿಮ್ಮಪ್ಪನ್ನ ತಿರಗ್ಯಾಡಸಾಕಂತ ನಾವು ಬೀಗರನ್ನ ಕರಸ್ತೇವಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಯಾರೂ ಕೆಟ್ಟದ್ದಕ್ಕೆ ನಗಲಿಲ್ಲ ಎಂದು ಈಗ ಅನಿಸುತ್ತದೆ. ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತಂತೆ. ಕಾಲಿಗೆ ಗೊತ್ತಿದ್ದ ದಾರಿಯಲ್ಲಿ ಅವನು ನಡೆಯುತ್ತಿದ್ದ. ಪ್ರತಿಯೊಂದು ಮನೆಯವರೂ ತಮ್ಮ ಅತಿಥಿಗಳಿಗೆ ಮೊದಲೇ ಹೇಳಿ ಕಳಿಸುತ್ತಿದ್ದರು: ಅವರು ತೋರಿಸಿದ್ದನ್ನು ನೋಡಬೇಡಿ, ಅವರು ಹೇಳಿದ್ದನ್ನು ನೋಡಿರಿ. ಅವ್ವನಿಗೂ ಗೊತ್ತಿತ್ತು. ಸೊಲ್ಲಾಪುರದ ಷಡ್ಡಕನಿಗೂ ಗೊತ್ತಿತ್ತು. ಮಗನಿಗೆ ಮಾತ್ರ ಕೊಡೆ ಕಾಣಿಸಿತ್ತು, ಕಣ್ಣು ಕಾಣಿಸಿರಲಿಲ್ಲ.

ಆಪರೇಶನ್ ಮಾತೆತ್ತಿದೆ. ಹೊಲದ ಹದ್ದುಬಸ್ತಿನ ಕಲ್ಲು ಮಣ್ಣೊಳಗೆ ಹುದುಗಿದ್ದರೂ ಹುಡುಕಿ ಕೊಟ್ಟ ಕಣ್ಣು ಇವು, ಇವಕ್ಕೆ ದವಾಖಾನೆ ಯಾಕೆ ಎಂದು ಅಪ್ಪ ಧೋತರ ಕೊಡವಿ ಎದ್ದುಹೋದ. ಆಪರೇಶನ್ ಎಂದರೆ ಕಣ್ಣು ಕಾಣುವುದಿಲ್ಲವೆಂದು ಲೈನಿಗೆಲ್ಲ ಸಾರಿದಂತೆ. ಆಮೇಲೆ ಯಾರು ಇವನ ಹಿಂದೆ ಬಂದಾರು? ಕೊಡೆ ಕೆಳಗಿಟ್ಟರೆ ಇವನು ಹಗಲೆಲ್ಲ ಕೂಡುವುದೆಲ್ಲಿ? ಕಟ್ಟೆಯ ಮೇಲೂ ಜಾಗವಿರಲಿಲ್ಲ.

ಅದೇ ರಜೆಯಲ್ಲಿ ಪೋಸ್ಟ್ ಮಾಸ್ತರರ ಮಗಳು ಚೊಚ್ಚಲ ಬಸಿರಿಗೆ ತವರಿಗೆ ಬಂದಿದ್ದಳು. ಏಳನೆಯ ತಿಂಗಳು, ಕುಬಸ ನಿಶ್ಚಯವಾಗಿತ್ತು. ಕುಬಸವೆಂದರೆ ನಮ್ಮ ಕಡೆಯ ಸೀಮಂತ: ಹಸಿರು ಸೀರೆ, ಹಸಿರು ಬಳೆ, ಸೆರಗಿಗೆ ಉಡಿ ತುಂಬುವುದು. ಸೀರೆ ಕೊಡಿಸುವವಳು ಸೊಲ್ಲಾಪುರದಿಂದ ಬಂದ ಅವಳ ಚಿಕ್ಕವ್ವ. ಆ ಚಿಕ್ಕವ್ವನನ್ನು ಅಪ್ಪ ಇಳಕಲ್ಲಿಗೆ ಕರೆದುಕೊಂಡು ಹೋದ. ಅಂಗಡಿಗಲ್ಲ, ಮೋಜಣಿಯ ಕಾಲದಿಂದ ತನಗೆ ಗುರುತಿದ್ದ ನೇಕಾರರ ಮನೆಗೆ.

ನಾನು ಹೋಗಿದ್ದೆನೆಂದೇ ಇಟ್ಟುಕೊಂಡರೆ, ನನಗೆ ಕಾಣುವುದು ಇಷ್ಟು. ತಗ್ಗಿನ ಬಾಗಿಲು. ಒಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ. ಬೆಳಕಿಂಡಿಯ ಬೆಳಕು ಮಗ್ಗದ ಮೇಲಷ್ಟೇ. ಅಪ್ಪ ಗೋಡೆಯ ಪಕ್ಕ ಕೂತು ಒಂದೊಂದೇ ಸೀರೆಯ ಅಂಚನ್ನು ಬೆರಳಿನಿಂದ ಉಜ್ಜಿ, ರೇಶಿಮೆ ಎಷ್ಟು ನೂಲು ಎಷ್ಟು ಎಂದು ಹೇಳುತ್ತಿದ್ದಾನೆ. ಒಂದನ್ನು ಎತ್ತಿ, ಇದು ವೀಳ್ಯದೆಲೆಯ ಹಸಿರು, ಇದನ್ನೇ ಕಟ್ಟಿ ಎನ್ನುತ್ತಾನೆ. ನೇಕಾರ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಚಿಕ್ಕವ್ವ ನನ್ನ ಕಡೆ ನೋಡುತ್ತಾಳೆ. ನೇಕಾರನಿಗೆ ಕಣ್ಣಿನಲ್ಲೇ ಬೇಡವೆನ್ನುತ್ತಾಳೆ. ನಾನು ಅಲ್ಲಿ ಇರಲೇ ಇಲ್ಲವೆಂದಾದರೆ ಆ ನೋಟ ನನ್ನ ತಲೆಯೊಳಗೆ ಹೇಗೆ ಬಂತು? ಆಮೇಲೆ ಯಾರೋ ಹೇಳಿದ್ದನ್ನು ನಾನೇ ಕಂಡಂತೆ ಕಟ್ಟಿಕೊಂಡಿರಬಹುದು. ಚಿಕ್ಕವ್ವ ಮರುದಿನ ಬಾದಾಮಿಯ ಪೇಟೆಯಲ್ಲೇ ಸದ್ದಿಲ್ಲದೆ ಇನ್ನೊಂದು ಸೀರೆ ತಂದರಾಯಿತು ಎಂದುಕೊಂಡಿದ್ದಳು. ಅದನ್ನು ಅವ್ವನಿಗೆ ಅವಳೇ ಹೇಳಿದ್ದಳು.

ಇಳಿಹೊತ್ತಿನಲ್ಲಿ ಅವರು ಲೈನಿಗೆ ಬಂದಾಗ ನಾನು ಬೇವಿನ ಮರದ ಹತ್ತಿರ ಇದ್ದೆ. ಬಸ್ಸಿಳಿದು ಅವರ ಜೊತೆ ಬಂದಿದ್ದೆನೋ, ಮನೆಯಿಂದ ಎದ್ದು ಬಂದಿದ್ದೆನೋ, ಅಂತೂ ಇದ್ದೆ. ಚಿಕ್ಕವ್ವ ಗಂಟನ್ನು ಸೆರಗಿನಡಿ ಇಟ್ಟುಕೊಂಡು ನೇರ ಒಳಗೆ ಹೊರಟಿದ್ದಳು. ಅಪ್ಪ ತಡೆದ.

“ತಾರವಾ ಇಲ್ಲಿ. ಇವರಿಗೂ ಒಂದಿಷ್ಟು ಹಸರ ತೋರಸೂಣು. ಮುಂಜಾನಿಂದ ಕೆಂಪು ಎಲಿ, ಕರಿ ಎಲಿ ನೋಡಿ ನೋಡಿ ಇವರ ಕಣ್ಣ ಕೆಟ್ಟುಹೋಗ್ಯಾವ.”

ಗಂಟು ಬಿಚ್ಚಿ ಸೀರೆಯನ್ನು ಎರಡೂ ಕೈಮೇಲೆ ಹರವಿ ಹಿಡಿದ. ಕಪ್ಪು ಸೀರೆ. ಸಂಕ್ರಮಣಕ್ಕೆ ಉಡುವ ಚಂದ್ರಕಾಳಿ. ಅದನ್ನು ಹಿಡಿದುಕೊಂಡು, ಹಸಿರೆಂದರೆ ಹೀಗಿರಬೇಕು, ನೀರು ಚಿಮುಕಿಸಿದ ಎಲೆಯ ಹಾಗೆ ಎಂದು ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸುತ್ತ ಹೋದ. ಎಲೆ ಹಾಕುವವನ ಕೈ ಹಾಗೇ ನಿಂತಿತು. ಪೋಸ್ಟ್ ಮಾಸ್ತರರು ಬಾಯಿ ತೆರೆದರು. ಆ ಬಾಯಿಂದ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು, ಅಪ್ಪನನ್ನಲ್ಲ, ನನ್ನನ್ನು.

ಬಸುರಿ ಮಗಳು ಬಾಗಿಲಲ್ಲಿ ನಿಂತಿದ್ದಳು. ಸೊಂಟಕ್ಕೆ ಕೈ ಕೊಟ್ಟುಕೊಂಡು ಮೆಲ್ಲಗೆ ಇಳಿದು ಬಂದಳು. ಸೀರೆಯ ಒಂದು ಮಡಿಕೆಯನ್ನೆತ್ತಿ ತನ್ನ ಹೆಗಲಿಗಿಟ್ಟು ನೋಡಿಕೊಂಡಳು.

“ಎಲಿ ಹಸರನ ಐತ್ರಿ ಕಾಕಾ. ನಾ ಮನಸಿನ್ಯಾಗ ಅನಕೊಂಡಿದ್ದು ಇದನ್ನ ನೋಡ್ರಿ.”

ಪೋಸ್ಟ್ ಮಾಸ್ತರರು ಮಗಳ ಮುಖ ನೋಡಿದರು. ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದು, ಯಾರ ಪಾಳಿ, ಎಲೆ ಹಾಕಿರಿ ಎಂದರು.

ಅಶುಭದ ಮಾತು ಆಡಬಾರದೆಂದು ಲೈನಿನ ಹೆಂಗಸರ ಬಾಯಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ಮುಗಿದರೂ ಹೆಚ್ಚುತ್ತದೆ. ಇದು ತಮಗೆ ತಾವೇ ಹೇಳಿಕೊಳ್ಳುವ ಸುಳ್ಳು ಎಂದು ನಾನು ಅವ್ವನ ಜೊತೆ ಎಷ್ಟೋ ಸಲ ವಾದ ಮಾಡಿದ್ದೆ. ಏಳು ತಿಂಗಳ ಬಸುರಿಯ ಎದುರು ಕುಬಸದ ಸೀರೆಯನ್ನು ಯಾರೂ ಕರಿ ಎನ್ನುವುದಿಲ್ಲ. ಬಳೆ ಹೆಚ್ಚಿದ ಹಾಗೆಯೇ ಸೀರೆ ಹಸಿರಾಯಿತು. ಸಂಜೆಯೊಳಗೆ ಇಡೀ ಲೈನಿಗೆ ಹಸಿರಾಯಿತು. ನನ್ನ ಪ್ರಕಾರ ಬಣ್ಣದಲ್ಲಿ ಶುಭ ಅಶುಭ ಏನೂ ಇರಲಿಲ್ಲ. ಹಾಗಿದ್ದರೆ ಅಪ್ಪನ ಕೈಮೇಲೆ ಕಪ್ಪು ಕಂಡಾಗ ನಾನೇಕೆ ಅಷ್ಟು ನಾಚಿದೆ?

ಮರುದಿನ ಬೆಳಿಗ್ಗೆ ಅಪ್ಪ ಟೊಪ್ಪಿಗೆ ಹಾಕಿಕೊಳ್ಳಲಿಲ್ಲ. ಕೊಡೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದ. ಹೊರಗೆ ಯಾರದೋ ಅಳಿಯ ಕಾಯುತ್ತಿದ್ದ. ಅಪ್ಪ ನನ್ನನ್ನು ಹತ್ತಿರ ಕರೆದ.

“ನೀ ಓದಿದಾಂವ. ಖರೆ ಹೇಳು. ಆ ಸೀರಿ ಯಾವ ಬಣ್ಣದ್ದಿತ್ತು?”

“ಹಸರ ಇತ್ತಪ್ಪಾ.”

ಅವನು ಕೊಡೆಯ ಹಿಡಿಕೆಯನ್ನು ಒಮ್ಮೆ ಸವರಿದ. ಆಮೇಲೆ ಟೊಪ್ಪಿಗೆ ಕೇಳಿ ಇಸಿದುಕೊಂಡು ಹೊರಗೆ ಹೋದ. ಮುಂದೆ ಎರಡು ಮೂರು ವರ್ಷ, ಕಾಲು ಸೋಲುವವರೆಗೂ, ಬಂದವರನ್ನು ಬಸದಿಗೆ, ಹೊಂಡಕ್ಕೆ, ತುಳಸಿಗೇರಿಗೆ ತಿರುಗಾಡಿಸಿದ. ಇಳಕಲ್ಲಿಗೆ ಮಾತ್ರ ಮತ್ತೆ ಹೋಗಲಿಲ್ಲ. ಹೆಂಗಸರು ಕೇಳಿದರೆ ಹುನಗುಂದದಾಚೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ ಎನ್ನುತ್ತಿದ್ದ. ನನ್ನ ಮಾತನ್ನು ಅವನು ನಂಬಿದನೆಂದು ನನಗೆ ಅನಿಸುವುದಿಲ್ಲ.

ಕುಬಸದ ದಿನ ನಾನು ಧಾರವಾಡದಲ್ಲಿದ್ದೆ. ಅಪ್ಪ ತಂದ ಹಸಿರು ಸೀರೆಯನ್ನೇ ಮಾಸ್ತರರ ಮಗಳು ಉಟ್ಟಳು ಎಂದು ಮುಂದಿನ ರಜೆಯಲ್ಲಿ ಅವ್ವ ಹೇಳಿದಳು. ನಾನು ಅವ್ವನ ಮುಖ ನೋಡಿದೆ, ಅವಳು ಅಕ್ಕಿ ಆರಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೂ ಅದೇ ಮಾತು. ವರ್ಷಗಳು ಹೋದ ಹಾಗೆ ನನಗೇ ಅನುಮಾನ ಶುರುವಾಯಿತು. ಕಣ್ಣು ಮುಚ್ಚಿದರೆ ಅಪ್ಪನ ಕೈಮೇಲೆ ಒಮ್ಮೊಮ್ಮೆ ಹಸಿರೇ ಕಾಣುತ್ತಿತ್ತು, ಕಡು ಹಸಿರು, ಇಳಿಹೊತ್ತಿನ ನೆರಳಿನಲ್ಲಿ ಕಪ್ಪೆನಿಸುವಂಥದ್ದು. ಹಾಗಿದ್ದರೆ ಅವನ ಕಣ್ಣು ಅಷ್ಟು ಕೆಟ್ಟಿರಲಿಲ್ಲ. ನಾನು ನಾಚಿದ್ದೇ ಸುಳ್ಳು ಕಾರಣಕ್ಕೆ. ಹಾಗೆ ನಂಬಲು ನನಗೆ ಆಸೆಯಿತ್ತು. ಆ ಆಸೆಯನ್ನೇ ನಾನು ನಂಬಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪೋಸ್ಟ್ ಮಾಸ್ತರರ ಮಗಳ ಸಂಸಾರ ಮುಳುಗಡೆಯ ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಬಂದಿತ್ತು. ಏನೋ ಕೆಲಸದ ನೆಪ ಹೇಳಿ ಅವಳ ಮನೆಗೆ ಹೋದೆ. ಚಹಾ ಕುಡಿದೆ, ಅವರಿವರ ಆರೋಗ್ಯ ಕೇಳಿದೆ. ಕೊನೆಗೆ ತಲೆ ತಗ್ಗಿಸಿಕೊಂಡೇ ಸೀರೆಯ ಮಾತು ತೆಗೆದೆ. ಅವಳು ಎದ್ದು ಹೋದಳು. ಒಳಗೆ ಟ್ರಂಕು ಎಳೆದ ಸಪ್ಪಳವಾಯಿತು. ಸೀರೆಯನ್ನು ತಂದು ಅಂಗಳದ ಬಿಸಿಲಿನಲ್ಲಿ, ನಾನು ಸರಿಯಾಗಿ ನೋಡಲೆಂದು, ಪೂರ್ತಿ ಬಿಡಿಸಿ ಹಿಡಿದಳು.

ಸೀರೆ ಕಪ್ಪು. ಸೆರಗಿನ ಬಿಳಿ ಪಟ್ಟೆಯ ಮೇಲೆ, ಉಡಿ ತುಂಬಿಸಿಕೊಳ್ಳಲು ಒಡ್ಡುವ ಜಾಗದಲ್ಲಿ, ಅರಿಷಿಣದ ಕಲೆ ಇತ್ತು.