ಕೀಮ್ಯಾನ್ ಕೃಷ್ಣಾಜಿ ಮತ್ತು ತಿರುವಿನಲ್ಲಿ ಬಿದ್ದ ರೈಲು

ಕೃಷ್ಣಾಜಿಯನ್ನು ನಾನು ಮೊದಲು ನೋಡಿದಾಗ ಹಳಿಯ ಮೇಲೆ ಕುಳಿತಿದ್ದೆ. ಮೆಣಸಿನಕಾಯಿ ದರ ಕುಸಿದದ್ದಕ್ಕೆ ಬ್ಯಾಡಗಿ ಸ್ಟೇಶನ್ನಿನ ಹತ್ತಿರ ನಾವು ರೈಲು ತಡೆ ಮಾಡಿದ್ದೆವು. ಪೊಲೀಸರಿಗಿಂತ ಮೊದಲು ಬಂದವನು ಈ ಮನುಷ್ಯ. ಹೆಗಲ ಮೇಲೆ ಉದ್ದ ಹಿಡಿಕೆಯ ಸುತ್ತಿಗೆ. ಘೋಷಣೆ ಕೂಗುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ಕುಂಡಿಯ ಕೆಳಗೆ ಬಗ್ಗಿ ನೋಡಿದ. “ಕೂಡಬ್ಯಾಡ್ರಿ ಅನ್ನಂಗಿಲ್ಲ ನಾ. ಚಾವಿ ಕಿತ್ತೀರೇನು, ಅಷ್ಟು ನೋಡಬೇಕು,” ಅಂದ. ನೋಡಿ ಮುಗಿಸಿ ಮತ್ತೆ ಅಲ್ಲೇ ಕೂರಿಸಿದ.

ಅವನ ನೌಕರಿಯೇ ಅದು. ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಚಾವಿಗಳನ್ನು ದಿನಾ ಮೈಲುಗಟ್ಟಲೆ ನಡೆದು ಬಡಿದು ನೋಡುವ ಕೀಮ್ಯಾನ್. ಮೂವತ್ತೊಂದು ವರ್ಷ ಪ್ರತಿ ಚಾವಿಯ ಮೇಲೂ ಸಂಶಯಪಟ್ಟು ಸಂಬಳ ತಿಂದವನು. ಅವನ ಸರಹದ್ದಿನಲ್ಲಿ ಒಂದು ಗಾಡಿಯೂ ಹಳಿ ಬಿಟ್ಟಿರಲಿಲ್ಲ. ನಿವೃತ್ತನಾದ ಮೇಲೆ ಸಂಶಯವೊಂದೇ ಕೈಯಲ್ಲಿ ಉಳಿಯಿತು. ಹಾವೇರಿಗೆ ಹೋಗಬೇಕೆಂದರೆ ಬಸ್ಸಿನ ಟಾಯರಿಗೆ ಒದ್ದು ನೋಡಿಯೇ ಹತ್ತುತ್ತಿದ್ದ. ಹಾಲಿನವನ ಎದುರೇ ಹಾಲಿಗೆ ಬೆರಳು ಅದ್ದುತ್ತಿದ್ದ. ಮದುವೆಯಾದ ವರ್ಷ ತನ್ನ ತಲೆಯನ್ನೂ ಬಡಿದು ನೋಡಿದ್ದನೆಂದು ಹೆಂಡತಿ ಭಾಗೀರಥೀಬಾಯಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ಮಾರುಕಟ್ಟೆ ಓಣಿಯ ಗಣಪತಿ ಮಂಡಳಿಯವರು ಪೆಂಡಾಲಿನಲ್ಲಿ ದೀಪದ ರೈಲು ಓಡಿಸಬೇಕೆಂದು ಹೊರಟರು. ಪ್ಲೈವುಡ್ಡಿನ ಮೇಲೆ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಸ್ಟೇಶನ್ನು, ಮಣ್ಣಿನ ಗುಡ್ಡ, ಕನ್ನಡಿಯ ಹೊಳೆ, ನಡುವೆ ಸುತ್ತು ಹೊಡೆಯುವ ಪುಟ್ಟ ಗಾಡಿ. ಹಳಿ ಜೋಡಿಸುವ ಕೆಲಸ ಕೃಷ್ಣಾಜಿಗೆ. ವಿದ್ಯುತ್ತಿನ ಕೆಲಸ ಮುಸ್ತಾಕ್‌ನಿಗೆ. ಮೋಟರ್ ರಿವೈಂಡಿಂಗ್ ಅಂಗಡಿಯ ಮುಸ್ತಾಕ್ ಹತ್ತು ವರ್ಷದಿಂದ ಆ ಗಣಪತಿಗೆ ಸೀರಿಯಲ್ ಸೆಟ್ ಕಟ್ಟುತ್ತಿದ್ದವನು. ಗುಂಡುಸೂಜಿಯ ತಲೆಯಷ್ಟು ಬಲ್ಬುಗಳನ್ನು ಡಬ್ಬಿಯ ಕಿಟಕಿಕಿಟಕಿಗೂ ಕೂರಿಸಿದ್ದ.

ಮಂಡಳಿಯ ಅಧ್ಯಕ್ಷ ಮಲ್ಲೇಶಪ್ಪ ಮೆಣಸಿನಕಾಯಿ ದಲಾಲ. ಅವನದೊಂದು ಹಟವಿತ್ತು. ಗಾಡಿಯ ಹಿಂದೆ ಎರಡು ತೆರೆದ ವ್ಯಾಗನ್ ಇರಬೇಕು, ಅವುಗಳಲ್ಲಿ ಖರೇ ಬ್ಯಾಡಗಿ ಕಾಯಿ ತುಂಬಬೇಕು, ಪಕ್ಕದಲ್ಲಿ ತನ್ನ ಅಂಗಡಿಯ ಹೆಸರಿನ ಬೋರ್ಡು ಹೊಳೆಯಬೇಕು. ಭಕ್ತಿಯ ಹಿಂದೆ ಅಂಗಡಿ ಇಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಅಚ್ಚರಿಯಾಗಲಿಲ್ಲ. ಕೋಲ್ಡ್ ಸ್ಟೋರೇಜಿನಿಂದ ಆರಿಸಿದ ಕಾಯಿ ಬಂತು. ಹಸಿರು ಕಡ್ಡಿ ಕಾಣದೆ ಕೆಂಪು ಹೊಳೆಯಲೆಂದು ತುಂಬು, ಅಂದರೆ ತೊಟ್ಟು, ಬಿಡಿಸಿ ತುಂಬಿದರು.

ಮೊದಲ ಸಂಜೆ ಗಾಡಿ ಕೆಲವು ಸುತ್ತು ಸುಸೂತ್ರವಾಗಿ ಓಡಿತು. ಆಮೇಲೆ ಬ್ಯಾಡಗಿ ಸ್ಟೇಶನ್ ದಾಟಿದ ತಿರುವಿನಲ್ಲಿ ಎಂಜಿನ್ ಮಗುಚಿ ಬಿತ್ತು. ಜನ ನಕ್ಕರು. ಎರಡನೆಯ ಸಂಜೆ ಅದೇ ತಿರುವು, ಅದೇ ನಗೆ. ಮೂವತ್ತೊಂದು ವರ್ಷ ರೈಲ್ವೆಯವರು ಇವನಿಗೆ ಹೇಗೆ ಸಂಬಳ ಕೊಟ್ಟರೋ ಎಂದು ಮಲ್ಲೇಶಪ್ಪ ಎಲ್ಲರೆದುರು ಕೇಳಿದ. ನಾಳೆಯೂ ಬಿದ್ದರೆ ಹಳಿ ಕಿತ್ತುಹಾಕಿ ಹಾವೇರಿಯಿಂದ ಬೇರೆಯವರನ್ನು ಕರೆಸುವುದಾಗಿ ಹೇಳಿದ. ಕೃಷ್ಣಾಜಿಯ ಮುಖ ಸಣ್ಣದಾಯಿತು. ಆಟಿಕೆಯ ಗಾಡಿ ಬಿದ್ದದ್ದಲ್ಲ, ಬಿದ್ದದ್ದು ಅವನ ಹೆಸರು.

ಮರುದಿನ ಬೆಳಗ್ಗೆ ಕನ್ನಡಕ ಏರಿಸಿ ತಿರುವಿನ ಮೇಲೆ ಬಗ್ಗಿದವನಿಗೆ ಹಳಿಯ ಸಂದಿನಲ್ಲಿ ಮೂರು ಮೆಣಸಿನ ಬೀಜ ಸಿಕ್ಕವು. ಬೇರೆ ಯಾರಾದರೂ ಊದಿ ಬಿಡುತ್ತಿದ್ದರು. ಕೃಷ್ಣಾಜಿ ಅವನ್ನು ಕಾಗದದಲ್ಲಿ ಕಟ್ಟಿಕೊಂಡ. ಯಾರೋ ಇಡುತ್ತಿದ್ದಾರೆ ಎಂದು ತೀರ್ಮಾನಿಸಿದ. ಆ ಹಲಗೆಯ ಹತ್ತಿರ ತನ್ನನ್ನು ಬಿಟ್ಟರೆ ಹೋಗುತ್ತಿದ್ದವನು ಮುಸ್ತಾಕ್ ಒಬ್ಬನೇ. ಮಂಡಳಿಯಲ್ಲಿ ಕೆಲವರಿಗೆ ಇಷ್ಟು ಸಾಕಾಯಿತು. ಸುತ್ತಿ ಬಳಸಿ ಹೇಳುವುದು ಬೇಡ: ಅವನ ಹೆಸರು ಮುಸ್ತಾಕ್ ಆಗಿದ್ದರಿಂದ ಸಂಶಯ ಲಗೂ ಅಂಟಿತು. ಹತ್ತು ವರ್ಷದ ಸೀರಿಯಲ್ ಸೆಟ್ ಯಾರಿಗೂ ನೆನಪಾಗಲಿಲ್ಲ.

ಮೂರನೆಯ ಸಂಜೆ ಜನ ಸೇರುವ ಹೊತ್ತಿಗೆ ಕೃಷ್ಣಾಜಿ ಅವನನ್ನು ತಡೆದ.

“ಮುಸ್ತಾಕ್, ಚೀಲಾ ಸುರುವು.”

“ಯಾಕ್ ಕಾಕಾ?”

“ಸುರುವು ಅಂದೆ.”

ಮುಸ್ತಾಕ್ ಸುರುವಿದ. ಇಕ್ಕಳ, ಟೆಸ್ಟರು, ಟೇಪು, ವಾಯರಿನ ತುಂಡು. ಕೊನೆಗೆ ಚೀಲದ ಮೂಲೆಯಿಂದ ಏಳೆಂಟು ಮೆಣಸಿನ ಬೀಜ. ಗುಂಪಿನಲ್ಲಿ ಗುಜುಗುಜು ಎದ್ದಿತು. ಪೊಲೀಸರಿಗೆ ಫೋನ್ ಮಾಡಲು ಒಬ್ಬ ಆಗಲೇ ಮೊಬೈಲ್ ತೆಗೆದ. ಎರಡು ಮಾತು ಕೇಳೋಣ ತಡಿ ಎಂದು ನಾನು ಅವನ ಕೈ ಹಿಡಿದೆ. ನನ್ನ ಮೇಲೂ ಕೆಲವರು ಕಣ್ಣು ಬಿಟ್ಟರು.

ಅಷ್ಟರಲ್ಲಿ ಮುಂದೆ ಬಂದವಳು ಕರೆವ್ವ. ಇಪ್ಪತ್ತು ವರ್ಷದಿಂದ ಮಾರುಕಟ್ಟೆಯಲ್ಲಿ ತುಂಬು ಬಿಡಿಸುವ ಹೆಂಗಸು, ಸಂಗಡಿಗರ ಜೊತೆ ಗಣಪತಿ ನೋಡಲು ಬಂದಿದ್ದಳು. ಅವಳು ಯಾರ ಮುಖವನ್ನೂ ನೋಡಲಿಲ್ಲ. ನೇರ ವ್ಯಾಗನ್ನಿಗೆ ಕೈ ಹಾಕಿ ಒಂದು ಕಾಯಿ ಎತ್ತಿ, ತಲೆಕೆಳಗು ಮಾಡಿ ಅಂಗೈ ಮೇಲೆ ತಟ್ಟಿದಳು. ಬೀಜ ಉದುರಿದವು.

“ತುಂಬು ಬಿಡಿಸಿದ ಕಾಯಿ, ಬಾಯಿ ತಗದ ಚೀಲ ಇದ್ದಂಗ. ಅಳ್ಳಾಡಿದ್ರ ಬೀಜ ಚೆಲ್ಲತಾವು. ಇಷ್ಟೂ ಗೊತ್ತಿಲ್ಲೇನ್ರಿ ಸಾವಕಾರ್ರ ನಿಮಗ?”

ತಿರುವಿನಲ್ಲಿ ವ್ಯಾಗನ್ ವಾಲುತ್ತಿತ್ತು. ವಾಲಿದಾಗ ಬೀಜ ಚೆಲ್ಲುತ್ತಿತ್ತು. ಮುಂದಿನ ಸುತ್ತಿನಲ್ಲಿ ಎಂಜಿನ್ನಿನ ಗಾಲಿ ಅದನ್ನೇ ಹತ್ತಿ ಬೀಳುತ್ತಿತ್ತು. ಕೃಷ್ಣಾಜಿ ಎರಡು ದಿನ ಹಳಿ ನೋಡಿದ್ದ, ಮನುಷ್ಯರನ್ನು ನೋಡಿದ್ದ. ಹೇರನ್ನು ನೋಡಿರಲಿಲ್ಲ. ಕೀಮ್ಯಾನ್ ಕಣ್ಣು ಹಳಿ ಬಿಟ್ಟು ಮೇಲೇಳುವುದಿಲ್ಲ.

ಮಲ್ಲೇಶಪ್ಪ ಕಾಯಿ ತೆಗೆಯಲು ಒಪ್ಪಲಿಲ್ಲ. ಜನ ಕಾಯುತ್ತಿದ್ದಾರೆ, ಇವತ್ತೊಂದು ದಿನ ನಡೆಸಿ ಅಂದ. ಕೃಷ್ಣಾಜಿ ಹೆಗಲ ಮೇಲಿನ ಕೆಂಪು ವಸ್ತ್ರ ತೆಗೆದು ಹಳಿಗೆ ಅಡ್ಡ ಹಾಸಿದ.

“ಹೇರು ಸರಿ ಇಲ್ಲ. ಗಾಡಿ ಬಿಡಂಗಿಲ್ಲ.”

ನಮ್ಮನ್ನು ಹಳಿಯಿಂದ ಎಬ್ಬಿಸಿ ತಪಾಸಣೆ ಮಾಡಿದ್ದವನು ಈಗ ತಾನೇ ರೈಲು ತಡೆದು ನಿಂತಿದ್ದ. ನಾನು ಹೋಗಿ ಅವನ ಪಕ್ಕ ನಿಂತೆ. ಕರೆವ್ವನ ಗುಂಪೂ ನಿಂತಿತು. ಮಲ್ಲೇಶಪ್ಪ ಗೊಣಗುತ್ತಲೇ ತುಂಬು ಇದ್ದ ಕಾಯಿ ತರಿಸಿದ. ಗಾಡಿ ಹೊರಡಬಹುದಿತ್ತು. ಆದರೆ ಸ್ವಿಚ್ಚು ಮುಸ್ತಾಕ್‌ನ ಕೈಯಲ್ಲಿತ್ತು, ಅವನು ಒತ್ತಲಿಲ್ಲ.

“ಕಾಕಾ, ಈಗ ನಿಮ್ಮ ಚೀಲಾ ಸುರುವ್ರಿ.”

ಭಾಗೀರಥೀಬಾಯಿ ಹೆಂಗಸರ ಸಾಲಿನಿಂದಲೇ ಗಂಡನಿಗೆ ಸುರುವಲು ಹೇಳಿದಳು. ಕೃಷ್ಣಾಜಿ ಕುಕ್ಕರುಗಾಲಿನಲ್ಲಿ ಕುಳಿತು ತನ್ನ ಖಾಕಿ ಚೀಲವನ್ನು ಎಲ್ಲರೆದುರು ತಲೆಕೆಳಗು ಮಾಡಿದ. ಸಣ್ಣ ಸುತ್ತಿಗೆ, ಅಡಕೊತ್ತು, ಸುಣ್ಣದ ಡಬ್ಬಿ ಬಿದ್ದವು. ಅವುಗಳ ಹಿಂದೆ ಬೀಜ. ಮುಸ್ತಾಕ್‌ನ ಚೀಲದಲ್ಲಿ ಇದ್ದುದಕ್ಕಿಂತ ಹೆಚ್ಚು. ಬ್ಯಾಡಗಿಯಲ್ಲಿ ಯಾರ ಚೀಲದಲ್ಲಿಲ್ಲ, ಯಾರ ಜೇಬಿನಲ್ಲಿಲ್ಲ, ಯಾರ ಚಪ್ಪಲಿಯಲ್ಲಿಲ್ಲ?

“ನಂದು ತಪ್ಪಾತು,” ಅಂದ ಕೃಷ್ಣಾಜಿ. ಪಿಸುಗುಟ್ಟಲಿಲ್ಲ, ಗುಂಪಿನ ಕೊನೆಯವರೆಗೆ ಕೇಳಿಸುವಂತೆ ಅಂದ. ಮುಸ್ತಾಕ್ ಸ್ವಿಚ್ಚು ಒತ್ತಿದ. ಕಿಟಕಿಗಳು ಹೊತ್ತಿಕೊಂಡವು. ವಿಸರ್ಜನೆಯವರೆಗೆ ಗಾಡಿ ಬೀಳಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನಂಬತೊಡಗಿದರೆಂದು ನಾನು ಹೇಳಲಾರೆ. ಈ ವರ್ಷವೂ ಅವರೇ ಕೂಡಿ ಗಾಡಿ ಕಟ್ಟುತ್ತಿದ್ದಾರೆ. ಕೃಷ್ಣಾಜಿ ಮುಸ್ತಾಕ್‌ನ ವಾಯರು ಜಗ್ಗಿ ನೋಡುತ್ತಾನೆ. ಮುಸ್ತಾಕ್ ಕೃಷ್ಣಾಜಿಯ ತಿರುವಿನ ಮೇಲೆ ಬೆರಳಾಡಿಸಿ ನೋಡುತ್ತಾನೆ. ಕೆಲಸ ಶುರುವಾಗುವ ಮೊದಲು ಇಬ್ಬರೂ ತಮ್ಮ ತಮ್ಮ ಚೀಲ ಝಾಡಿಸುತ್ತಾರೆ.